ಮೊದಲು ರೂಟರ್ ನೋಡಿ
ಚಿದ್ರಿಯ ಮನೆಯೊಳಗೆ ಫೋಟೊ, ವಿಡಿಯೊ ತೋರಿಸುವ ಜೆಲ್ಲಿಫಿನ್ ಸರ್ವರ್ ಸಲೀಸಾಗಿ ಓಡುತ್ತದೆ, ಬೆಂಗಳೂರಿನಲ್ಲಿರುವ ಮಗಳಿಗೆ ಮಾತ್ರ ತೆರೆಯುವುದಿಲ್ಲ ಎಂದಾದರೆ ಸರ್ವರನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ. ರೂಟರಿನ ವ್ಯಾನ್ (ಹೊರಜಾಲದ) ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ, ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದೇ ಅರ್ಥ. ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ, ಅವು ಎಲ್ಲರಿಗೂ ಸಾಲುವುದಿಲ್ಲ. ಈ ಹಂಚಿಕೆಗೆಂದೇ ಆ ಸಾಲನ್ನು 2012ರಲ್ಲಿ ಮೀಸಲಿಟ್ಟರು. ಹೀಗಿರುವಾಗ ನೀವು ಜೆಲ್ಲಿಫಿನ್‌ನ 8096 ಪೋರ್ಟ್ ತೆರೆದರೂ ಹೊರಗಿನ ಕೋರಿಕೆ ಮನೆಯ ರೂಟರಿನವರೆಗೆ ಬರುವುದೇ ಇಲ್ಲ. ಮನೆಗೇ ಮೀಸಲಾದ ಸ್ಟ್ಯಾಟಿಕ್ ಐಪಿ ಕೊಂಡರಾಯಿತಲ್ಲ ಎನ್ನಬಹುದು. ಕೊಳ್ಳಬಹುದು, ಆದರೆ ತೆರೆದ ಪೋರ್ಟ್ ಅಪರಿಚಿತರಿಗೂ ಕಾಣುತ್ತದೆ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಮನೆಯೊಳಗಿಂದಲೇ ಸಂಪರ್ಕ ಕಟ್ಟುವುದರಿಂದ ಪೋರ್ಟಿನ ಗೊಡವೆಯೇ ಇಲ್ಲ. ಮಗಳ ಫೋನಿಗೂ ಅದನ್ನು ಹಾಕಬೇಕು ನಿಜ. ಮನೆಮಂದಿಯ ಫೋಟೊ, ವಿಡಿಯೊಗಳ ಭದ್ರತೆಗಾಗಿ ಅಷ್ಟು ಶ್ರಮ ಖಂಡಿತ ಪಡಿ.