ದಾರಿ ಕಲಿಯುವ ಆಟ

ರೈಲು ಓಡಿಸುವ ಕಂಪ್ಯೂಟರ್ ಆಟ ಆಡುತ್ತೇನೆ ಎಂದರೆ ಬಹಳ ಜನ ನಗುತ್ತಾರೆ. ಕಾರಿನ ಆಟವಾದರೆ ಎಡಕ್ಕೋ ಬಲಕ್ಕೋ ತಿರುಗಿಸಬಹುದು. ವಿಮಾನವಾದರೆ ಮೇಲೆ ಏರಬಹುದು, ಕೆಳಗೆ ಇಳಿಯಬಹುದು. ರೈಲಿಗೆ ಸ್ಟಿಯರಿಂಗೇ ಇಲ್ಲ. ಹಳಿ ಕರೆದುಕೊಂಡು ಹೋದಲ್ಲಿಗೆ ಹೋಗಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು. ಇದರಲ್ಲಿ ಆಡುವುದಕ್ಕೇನಿದೆ ಎಂದು ಹಾಸ್ಟೆಲ್ಲಿನ ನನ್ನ ರೂಮ್‌ಮೇಟ್ ಕೂಡ ಕೇಳಿದ್ದಳು. ಈಗ ಅವಳೂ ಆಡುತ್ತಾಳೆ. ಆದರೆ ಯಾವ ಮಾರ್ಗದಲ್ಲಿ ಓಡಿಸಿದರೆ ಚೆಂದ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಇವತ್ತಿನವರೆಗೆ ಒಮ್ಮತವಾಗಿಲ್ಲ. ಸ್ಟಿಯರಿಂಗ್ ಇಲ್ಲದ ಆಟದಲ್ಲಿ ಆಡುವವರ ಕೈಯಲ್ಲಿರುವ ದೊಡ್ಡ ಆಯ್ಕೆ ಮಾರ್ಗದ್ದೇ ಆದ್ದರಿಂದ ಈ ಜಗಳ ಸಣ್ಣದೇನಲ್ಲ.

ಈ ಲೋಕದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. 2001ರಲ್ಲಿ ಮೈಕ್ರೋಸಾಫ್ಟ್ ತನ್ನ ಟ್ರೇನ್ ಸಿಮ್ಯುಲೇಟರನ್ನು ತಂದಾಗ ಒಂದೇ ಪೆಟ್ಟಿಗೆಯಲ್ಲಿ ಆರು ಮಾರ್ಗಗಳಿದ್ದವು. ಅಮೆರಿಕದ್ದು ಎರಡು, ಜಪಾನಿನದು ಎರಡು, ಆಸ್ಟ್ರಿಯಾದ್ದೊಂದು, ಇಂಗ್ಲೆಂಡಿನದೊಂದು. ಈಗ ಹೆಚ್ಚು ಜನ ಆಡುವುದು ಇಂಗ್ಲೆಂಡಿನ ಡೋವ್‌ಟೇಲ್ ಗೇಮ್ಸ್‌ನವರ ಟ್ರೇನ್ ಸಿಮ್ಯುಲೇಟರ್ ಕ್ಲಾಸಿಕ್ ಮತ್ತು ಟ್ರೇನ್ ಸಿಮ್ ವರ್ಲ್ಡ್. ಇವುಗಳಲ್ಲಿ ಮೂಲ ಆಟದ ಜೊತೆ ಬರುವ ಮಾರ್ಗಗಳು ಕೆಲವೇ. ಉಳಿದದ್ದನ್ನೆಲ್ಲ ಆಡ್-ಆನ್ ಎಂದು ಬಿಡಿಬಿಡಿಯಾಗಿ ಕೊಳ್ಳಬೇಕು. ಹೆಚ್ಚಿನವು ನೆಲದ ಮೇಲೆ ನಿಜವಾಗಿ ಇರುವ, ಅಥವಾ ಒಂದು ಕಾಲಕ್ಕೆ ಇದ್ದ ದಾರಿಗಳು. ಸ್ಟೇಷನ್ನು, ಸಿಗ್ನಲ್ಲು, ಸೇತುವೆ, ಸುರಂಗ, ಏರು, ಇಳಿಜಾರು ಎಲ್ಲವನ್ನೂ ಅಸಲಿಗೆ ಹೊಂದುವಂತೆ ಕಟ್ಟಿರುತ್ತಾರೆ. ಒಂದು ಮಾರ್ಗದ ಪೂರ್ಣ ಬೆಲೆಗೆ ನಾಲ್ಕೈದು ಕನ್ನಡ ಪುಸ್ತಕ ಬರುತ್ತವೆ. ಫೆಲೋಶಿಪ್ಪಿನ ಹಣದಲ್ಲಿ ಬದುಕುವವಳು ವರ್ಷಕ್ಕೆ ಒಂದೋ ಎರಡೋ ಕೊಳ್ಳಬಹುದು, ಅದೂ ರಿಯಾಯಿತಿ ಬಂದಾಗ.

ರೂಮ್‌ಮೇಟ್ ವೇಗದವಳು. ಅವಳ ನೆಚ್ಚಿನದು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಕೆಂಟ್ ಕಡೆಗೆ ಹೋಗುವ ಹೈಸ್ಪೀಡ್ ಮಾರ್ಗ. ಅಲ್ಲಿನ ಜಾವೆಲಿನ್ ರೈಲು ಗಂಟೆಗೆ 225 ಕಿಲೋಮೀಟರ್ ಓಡುತ್ತದೆ. ಆ ವೇಗದಲ್ಲಿ ಹಳಿಯ ಪಕ್ಕದ ದೀಪ ನೋಡಿ ಓಡಿಸುವುದನ್ನು ನಂಬಿಕೊಳ್ಳಲಾಗದು. ಹಾಗಾಗಿ ಸಿಗ್ನಲ್ ಕ್ಯಾಬಿನ್ನಿನ ಒಳಗೇ ಕಾಣಿಸುತ್ತದೆ. ನೋಡಲು ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಹಳಿ ನೇರ, ದಾರಿಯುದ್ದಕ್ಕೂ ಬೇಲಿ. ಹತ್ತು ನಿಮಿಷ ಕಳೆದರೆ ನನಗೆ ಕೈಗೆ ಕೆಲಸವಿಲ್ಲ ಅನ್ನಿಸುತ್ತದೆ. ನನ್ನ ಪ್ರಕಾರ ಆ ಮಾರ್ಗದ ಸೊಗಸು ವೇಗ ಮುಗಿದ ಮೇಲೆ ಶುರುವಾಗುತ್ತದೆ. ಎಬ್ಸ್‌ಫ್ಲೀಟ್ ಸ್ಟೇಷನ್ನಿನಲ್ಲಿ ರೈಲು ತಲೆಯ ಮೇಲಿನ 25,000 ವೋಲ್ಟಿನ ತಂತಿಯನ್ನು ಬಿಟ್ಟು, ಹಳಿಯ ಪಕ್ಕದಲ್ಲೇ ಹಾಸಿರುವ ಮೂರನೆಯ ಹಳಿಯಿಂದ 750 ವೋಲ್ಟ್ ವಿದ್ಯುತ್ ತೆಗೆದುಕೊಳ್ಳಲು ತೊಡಗುತ್ತದೆ. ಆಮೇಲೆ ಹಳೆಯ ಊರುಗಳು, ತಿರುವುಗಳು, ಹತ್ತಿರ ಹತ್ತಿರದ ಸ್ಟೇಷನ್ನುಗಳು. ಅವಳು ಅಲ್ಲಿಗೆ ಬಂದಾಗ ಆಕಳಿಸುತ್ತಾಳೆ, ನಾನು ಕುರ್ಚಿ ಎಳೆದುಕೊಂಡು ಹತ್ತಿರ ಕೂರುತ್ತೇನೆ.

ನನ್ನ ಮಾರ್ಗ ಬೇರೆ. ಸ್ವಿಟ್ಜರ್ಲೆಂಡಿನ ಕೂರ್‌ನಿಂದ ಅರೋಸಾಗೆ ಹೋಗುವ ಮೀಟರ್ ಗೇಜ್ ದಾರಿ. ಉದ್ದ ಬರೀ 26 ಕಿಲೋಮೀಟರ್, ಓಡಿಸಲು ಸುಮಾರು ಒಂದು ಗಂಟೆ. ರೈಲು ಹೊರಡುವುದು ಕೂರ್ ಸ್ಟೇಷನ್ನಿನ ಮುಂದಿನ ಬೀದಿಯಿಂದ. ಕಾರುಗಳ ಜೊತೆಯಲ್ಲೇ ಟ್ರಾಮಿನಂತೆ ಊರೊಳಗೆ ಸಾಗುತ್ತದೆ. ಊರು ದಾಟಿದ ಮೇಲೆ ಪ್ಲೆಸೂರ್ ನದಿಯ ಕಣಿವೆಯ ಗೋಡೆ ಹಿಡಿದು ಹತ್ತಲು ಶುರು. ಅರೋಸಾ ತಲುಪುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಎತ್ತರ ಏರಿರುತ್ತೇವೆ. ಒಂಟಿ ಹಳಿ, ಆದ್ದರಿಂದ ಎದುರಿನ ರೈಲಿಗೆ ಕ್ರಾಸಿಂಗ್ ಕೊಡಲು ಕಾಯಬೇಕು. ನಡುವೆ ಲಾಂಗ್ವೀಸ್ ಬಳಿ 62 ಮೀಟರ್ ಎತ್ತರದ ಕಾಂಕ್ರೀಟ್ ಸೇತುವೆ. ಮಾರ್ಗ ಶುರುವಾದ 1914ರಿಂದ ಅದು ಅಲ್ಲೇ ನಿಂತಿದೆ. ಕೊಳ್ಳುವಾಗ ನಾನು ಸೇತುವೆಯ ಫೋಟೋ ನೋಡಿ ಮನಸ್ಸು ಮಾಡಲಿಲ್ಲ. ನನ್ನನ್ನು ಸೆಳೆದದ್ದು ಒಂದು ಸಂಖ್ಯೆ: ಸಾವಿರಕ್ಕೆ ಅರವತ್ತು. ಅಂದರೆ ಸಾವಿರ ಮೀಟರ್ ಮುಂದೆ ಹೋಗುವಷ್ಟರಲ್ಲಿ ಅರವತ್ತು ಮೀಟರ್ ಮೇಲೆ.

ಈ ಸಂಖ್ಯೆಯ ಬೆಲೆ ತಿಳಿಸಿಕೊಟ್ಟವರು ನನ್ನ ಸೋದರಮಾವ. ಅವರು ನಿವೃತ್ತ ಲೋಕೋ ಪೈಲಟ್. ಹಾಸನ–ಮಂಗಳೂರು ಮಾರ್ಗ ಇನ್ನೂ ಮೀಟರ್ ಗೇಜ್ ಇದ್ದ ಕಾಲಕ್ಕೆ ಅಸಿಸ್ಟೆಂಟ್ ಆಗಿ ಸೇರಿದವರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಏರು ಐವತ್ತಕ್ಕೆ ಒಂದು. ಕಳೆದ ದೀಪಾವಳಿ ರಜೆಯಲ್ಲಿ ಹಾಸನದ ಮನೆಯಲ್ಲಿ ನಾನು ಅರೋಸಾದಿಂದ ಕೆಳಗಿಳಿಯುತ್ತಿದ್ದಾಗ ಅವರು ಹಿಂದೆ ಬಂದು ನಿಂತರು.

“ಏನಮ್ಮ ಇದು, ಮೀಟರ್ ಗೇಜಾ?”

“ಹೂಂ ಮಾವ.”

“ಗ್ರೇಡಿಯೆಂಟ್ ಎಷ್ಟು?”

“ಸಾವಿರಕ್ಕೆ ಅರವತ್ತು.”

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. “ಅಂದ್ರೆ ಹದಿನಾರು ಹದಿನೇಳಕ್ಕೆ ಒಂದು? ಊಟಿ ರೈಲಿನ ಥರ ಹಲ್ಲಿನ ಹಳಿ ಇಲ್ದೇನೇ?”

ಇಲ್ಲ ಎಂದೆ. ನಮ್ಮ ಘಾಟಿಗಿಂತ ಮೂರು ಪಟ್ಟು ಕಡಿದು. ಆ ಕಡೆಯ ರೇಷಿಯನ್ ರೈಲ್ವೆ ವ್ಯಾಕ್ಯೂಮ್ ಬ್ರೇಕನ್ನು ಬಹುಕಾಲ ಉಳಿಸಿಕೊಂಡು ಬಂದಿದೆ ಎಂದೂ ಹೇಳಿದೆ. ಮಾವನ ಮುಖ ಅರಳಿತು. ಅವರ ಮೊದಲ ವರ್ಷಗಳ ವೈಡಿಎಂ-4 ಎಂಜಿನ್ನು, ವ್ಯಾಕ್ಯೂಮ್ ಬ್ರೇಕಿನ ಬೋಗಿಗಳು ಎಲ್ಲ ನೆನಪಾಗಿರಬೇಕು. ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. ಸೇತುವೆ ಬಂದಾಗ ಅದನ್ನು ನೋಡಲೇ ಇಲ್ಲ. ಅವರ ಕಣ್ಣು ವೇಗದ ಮುಳ್ಳಿನ ಮೇಲಿತ್ತು.

“ಹತ್ತಿಸೋದು ಎಂಜಿನ್ ಕೆಲಸ ಕಣಮ್ಮ. ಇಳಿಸೋದು ನಮ್ಮ ಕೆಲಸ” ಎಂದರು. ಇಳಿಜಾರಿನಲ್ಲಿ ವೇಗ ಏರಿದ ಮೇಲೆ ಹಿಡಿಯಲು ಹೋಗಬಾರದು, ಏರುವ ಮೊದಲೇ ಹಿಡಿದಿಟ್ಟುಕೊಂಡು ಇಳಿಸಬೇಕು. ಘಾಟಿಯಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿ ಇತ್ತಂತೆ. ಎಡಕುಮೇರಿಯ ಆಚೆ ಯಾವ ಸುರಂಗದ ಬಾಯಲ್ಲಿ ಮಳೆಗಾಲದಲ್ಲಿ ನೀರು ಸೋರುತ್ತದೆ, ಯಾವ ತಿರುವು ದಾಟಿದ ಮೇಲೆ ಹಿಂದಿನ ಬೋಗಿಗಳ ಭಾರ ಬೆನ್ನಿಗೆ ಬಂದು ಒತ್ತುತ್ತದೆ, ಕತ್ತಲೆಯಲ್ಲೂ ತಮಗೆ ಗೊತ್ತಾಗುತ್ತಿತ್ತು ಎಂದರು.

ಆಗ ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಜೊತೆ ಉಳಿದಿದೆ. ಎಷ್ಟೇ ಅನುಭವಿ ಲೋಕೋ ಪೈಲಟ್ ಆಗಿರಲಿ, ಹೊಸ ದಾರಿಯಲ್ಲಿ ನೇರವಾಗಿ ರೈಲು ಓಡಿಸುವಂತಿಲ್ಲ. ಮೊದಲು ಬೇರೆಯವರ ಜೊತೆ ಎಂಜಿನ್ನಿನಲ್ಲಿ ಹೋಗಿ, ಹಗಲೂ ರಾತ್ರಿಯೂ ನೋಡಿ ದಾರಿ ಕಲಿಯಬೇಕು. ಕಲಿತಿದ್ದೇನೆ ಎಂದು ಸಹಿ ಮಾಡಬೇಕು. ಬಹಳ ದಿನ ಆ ಕಡೆ ಹೋಗದೇ ಇದ್ದರೆ ಮತ್ತೆ ಕಲಿಯಬೇಕು. ಎಂಜಿನ್ ಓಡಿಸುವುದು ಒಂದು ವಿದ್ಯೆ, ದಾರಿ ತಿಳಿದಿರುವುದು ಇನ್ನೊಂದು.

ನನ್ನ ಸಂಶೋಧನೆ ಒಂದು ಹೋಬಳಿಯ ಕೆರೆಗಳ ಚರಿತ್ರೆ. ನಾಲ್ಕನೆಯ ವರ್ಷ ನಡೆಯುತ್ತಿದೆ. ಸೆಮಿನಾರುಗಳಲ್ಲಿ ನನಗೆ ಬರುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಬರೀ ಒಂದು ಹೋಬಳಿನಾ?” ನನ್ನ ಜೊತೆ ಸೇರಿದವರ ವಿಷಯಗಳು ಇಡೀ ದಕ್ಷಿಣ ಭಾರತವನ್ನು ಹರಡಿಕೊಂಡು ಕೂತಿವೆ. ಅವರು ವಿದೇಶದ ಸಮ್ಮೇಳನಗಳಿಗೆ ಹೋಗಿಬರುತ್ತಾರೆ. ನಾನು ಅದೇ ಏರಿಯ ಮೇಲೆ ಆರನೆಯ ಸಲ ನಡೆಯುತ್ತೇನೆ, ಅದೇ ತೂಬಿನ ಕಲ್ಲನ್ನು ಮತ್ತೆ ಅಳೆಯುತ್ತೇನೆ. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ವರ್ಷ ಕೊಟ್ಟೆನಲ್ಲ, ಇದರಿಂದ ನಾಳೆ ಕೆಲಸ ಸಿಗುತ್ತದೆಯೇ ಎಂಬ ಭಯ ರಾತ್ರಿ ಹೊತ್ತು ಬರುತ್ತದೆ. ಮಾವನ ಮಾತು ಆ ಭಯಕ್ಕೆ ಔಷಧಿಯೇನೂ ಆಗಲಿಲ್ಲ. ಆದರೆ ಐವತ್ತೈದು ಕಿಲೋಮೀಟರನ್ನು ವರ್ಷಗಟ್ಟಲೆ ಓಡಿಸಿದ ಮನುಷ್ಯ ಅದರ ಬಗ್ಗೆ ಮಾತಾಡುವಾಗ ಅವರ ದನಿಯಲ್ಲಿ “ಬರೀ” ಎಂಬ ಪದ ಒಂದು ಸಲವೂ ಬರಲಿಲ್ಲ. ಅದನ್ನು ಗಮನಿಸಿದೆ.

ಅಂದಿನಿಂದ ಮಾರ್ಗ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದನ್ನು ಇಪ್ಪತ್ತನೆಯ ಸಲ ಓಡಿಸುವಾಗ ನನಗೆ ಇನ್ನೂ ಕಲಿಯುವುದಿರುತ್ತದೆಯೇ? ಅದಕ್ಕೆ ಮೂರು ನಾಲ್ಕು ಗುರುತುಗಳಿವೆ. ಏರಿಳಿತ ಇರಬೇಕು. ಒಂದು ಸಂಜೆಯ ಬಿಡುವಿನಲ್ಲಿ ಆ ತುದಿಯಿಂದ ಈ ತುದಿಗೆ ಮುಗಿಯಬೇಕು. ನಿಲ್ಲುವ ಸ್ಟೇಷನ್ನುಗಳು, ಕ್ರಾಸಿಂಗ್‌ಗಳು ಇರಬೇಕು. ಪ್ಯಾಸೆಂಜರ್ ಜೊತೆಗೆ ಗೂಡ್ಸ್ ರೈಲೂ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅದೇ ದಾರಿ ಭಾರದ ರೈಲಿಗೆ ಬೇರೆಯದೇ ದಾರಿಯಾಗುತ್ತದೆ. ಪ್ಯಾಸೆಂಜರಿನಲ್ಲಿ ಗೊತ್ತೇ ಆಗದ ಸಣ್ಣ ಏರು ಕಲ್ಲಿದ್ದಲಿನ ವ್ಯಾಗನ್ನುಗಳನ್ನು ಎಳೆಯುವಾಗ ಚಕ್ರ ಜಾರಿಸುತ್ತದೆ.

ಇನ್ನೊಂದು ಗುರುತು ಚರಿತ್ರೆಯ ವಿದ್ಯಾರ್ಥಿನಿಯಾದ ನನಗೆ ಮಾತ್ರ ಮುಖ್ಯವಾಗಿರಬಹುದು: ಆ ದಾರಿಗೊಂದು ಕತೆ ಇರಬೇಕು. ಉತ್ತರ ಇಂಗ್ಲೆಂಡಿನ ಸೆಟ್ಲ್–ಕಾರ್ಲೈಲ್ ಮಾರ್ಗ 1876ರಲ್ಲಿ ಪ್ರಯಾಣಿಕರಿಗೆ ತೆರೆಯಿತು. ಮೈಲಿಗಟ್ಟಲೆ ನೂರಕ್ಕೆ ಒಂದರ ಏರು, ರಿಬಲ್‌ಹೆಡ್‌ನಲ್ಲಿ 24 ಕಮಾನುಗಳ ಸೇತುವೆ. 1980ರ ದಶಕದಲ್ಲಿ ಅದನ್ನು ಮುಚ್ಚಲು ಹೊರಟಾಗ ಜನ ಹೋರಾಡಿದರು. 1989ರಲ್ಲಿ ಸರ್ಕಾರ ಮುಚ್ಚುವುದನ್ನು ಕೈಬಿಟ್ಟಿತು. ಮೈಕ್ರೋಸಾಫ್ಟಿನ ಆ ಆರರಲ್ಲಿ ಇದೂ ಒಂದಾಗಿತ್ತು. ಬಾತ್‌ನಿಂದ ಬೋರ್ನ್‌ಮತ್‌ಗೆ ಹೋಗುತ್ತಿದ್ದ ಸಾಮರ್ಸೆಟ್–ಡಾರ್ಸೆಟ್ ಮಾರ್ಗಕ್ಕೆ ಆ ಅದೃಷ್ಟವಿರಲಿಲ್ಲ. 1966ರ ಮಾರ್ಚ್‌ನಲ್ಲಿ ಅದು ಮುಚ್ಚಿತು. ಬಾತ್ ಊರು ಬಿಡುತ್ತಿದ್ದಂತೆ ಅಲ್ಲಿ ಐವತ್ತಕ್ಕೆ ಒಂದರ ಏರಿತ್ತು, ಲೆಕ್ಕಕ್ಕೆ ನಮ್ಮ ಘಾಟಿಯದೇ. ಆ ಏರಿನ ಎರಡು ಸುರಂಗಗಳಲ್ಲಿ ಈಗ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಟ್ರೇನ್ ಸಿಮ್ಯುಲೇಟರಿನಲ್ಲಿ ಮಾತ್ರ ಇನ್ನೂ ಹಳಿ ಇದೆ, ಸಿಗ್ನಲ್ ಇಳಿಯುತ್ತದೆ, ಉಗಿಬಂಡಿ ಏದುಸಿರು ಬಿಡುತ್ತ ಹತ್ತುತ್ತದೆ. ಯಾರೋ ಹಳೆಯ ನಕ್ಷೆ, ಫೋಟೋ ಹುಡುಕಿ, ಕಿತ್ತುಹೋದ ಹಳಿಯನ್ನು ಗಜಗಜವಾಗಿ ಮತ್ತೆ ಹಾಸಿದ್ದಾರೆ. ಹೂತುಹೋದ ಕೆರೆಯ ತೂಬು ಹುಡುಕುವವಳಿಗೆ ಆ ಕೆಲಸದ ಬೆಲೆ ಗೊತ್ತು.

“ನಮ್ಮ ಘಾಟಿ ಇದರಲ್ಲಿ ಇಲ್ವಾ?” ಎಂದು ಮಾವ ಕೇಳಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಓಪನ್ ರೈಲ್ಸ್ ಎಂಬ ಉಚಿತ ಸಿಮ್ಯುಲೇಟರಿಗಾಗಿ ಹವ್ಯಾಸಿಗಳು ಭಾರತದ ಎಂಜಿನ್ನು, ಮಾರ್ಗಗಳನ್ನು ಮಾಡಿ ಹಂಚುತ್ತಾರೆ ಎಂದೆ. “ಹಾಗಾದ್ರೆ ಮಾಡೋರು ನನ್ನನ್ನ ಕೇಳ್ಲಿ, ಹೇಳ್ತೀನಿ” ಎಂದು ಎದ್ದು ಹೋದರು.

ಈ ವರ್ಷದ ಚಳಿಗಾಲದ ರಿಯಾಯಿತಿಗೆ ನನ್ನ ಪಟ್ಟಿಯಲ್ಲಿ ಒಂದೇ ಹೆಸರಿದೆ: ಆಸ್ಟ್ರಿಯಾದ ಸೆಮ್ಮರಿಂಗ್. ಗ್ಲಾಗ್‌ನಿಟ್ಸ್‌ನಿಂದ ಮ್ಯೂರ್ಟ್ಸುಶ್ಲಾಗ್‌ವರೆಗೆ 41 ಕಿಲೋಮೀಟರ್. ಕಾರ್ಲ್ ಫಾನ್ ಗೇಗಾ ಎಂಬ ಎಂಜಿನಿಯರ್ ಅದನ್ನು 1848ರಿಂದ 1854ರ ನಡುವೆ ಕಟ್ಟಿಸಿದ. ಕೆಲಸ ಶುರುವಾದಾಗ ಆ ಏರನ್ನು ಹತ್ತಬಲ್ಲ ಎಂಜಿನ್ನೇ ಇರಲಿಲ್ಲ. ಹಳಿ ಹಾಸುವ ಕೆಲಸ ನಡೆಯುತ್ತಿರುವಾಗ, 1851ರಲ್ಲಿ, ಎಂಜಿನ್ನುಗಳ ಸ್ಪರ್ಧೆ ಇಟ್ಟು ಹುಡುಕಿದರು. ಇದನ್ನೆಲ್ಲ ವಿವರಿಸಿ ಹೇಳಿದಾಗ ರೂಮ್‌ಮೇಟ್ ತಲೆ ಎತ್ತದೆ ಕೇಳಿದಳು: “ಮತ್ತೆ ಬೆಟ್ಟಾನಾ?”

ಹೌದು, ಮತ್ತೆ ಬೆಟ್ಟವೇ.