ಧೂಪದಾಳದ ಎಣಿಕೆ

ಮುಂಜಾನೆ ಆರೂವರೆ, ಧೂಪದಾಳ ಹಿನ್ನೀರಿನ ದಂಡೆ. ಮಂಜಿನೊಳಗಿಂದ ಮೊದಲು ಕರ್ರ್ ಕರ್ರ್ ದನಿ ಬಂತು, ಆಮೇಲೆ ಡೆಮಾಯ್ಸೆಲ್ ಕ್ರೇನ್‌ಗಳ ಸಾಲು. ನಲವತ್ತೊಂದರ ತನಕ ಎಣಿಸಿದೆ, ಸಾಲು ಮುರೀತು, ಮತ್ತ ಒಂದರಿಂದ ಶುರು. ಕಣ್ಣ ಹಿಂದಿನ ಬಿಳಿ ಗರಿಗೊಂಚಲು ದುರ್ಬೀನಿನಲ್ಲಿ ಎಷ್ಟು ಸ್ವಚ್ಛ ಕಂಡಿತು ಅಂತೀರಿ! ಮಧ್ಯ ಏಷ್ಯಾದ ಬಯಲಿನಿಂದ ನಮ್ಮ ಘಟಪ್ರಭೆಗೆ ಬಂದ ಹಕ್ಕಿ ಅದು.

ಕಾಲಿಗೆ ಗುರುತಿನ ಉಂಗುರ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಮೈಸೂರು ಕಡೆ ಹದಿನಾರು ಅನ್ನೋ ಊರಿನ ಕೆರೆಯಲ್ಲಿ ಮಂಗೋಲಿಯಾದ ಕೊರಳಪಟ್ಟಿ ಹಾಕಿದ್ದ ಪಟ್ಟೆತಲೆ ಹೆಬ್ಬಾತು ಪತ್ತೆಯಾಗಿದ್ದು ಯಾರೋ ನಿಂತು ನೋಡಿದ್ದಕ್ಕೇ. ಇಲ್ಲೂ 1974ರಿಂದ ಪಕ್ಷಿಧಾಮ ಇದೆ, ನಿಂತು ನೋಡೋರು ಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಗೆಳೆಯರೇ, ಹಿಡಕಲ್ ಹಿನ್ನೀರಿನಲ್ಲಿ ನಿಮಗೆ ಎಷ್ಟು ಕಂಡವು? ಎಣಿಸಿ ತಿಳಿಸ್ರಿ.