ಪ್ರತಿನಿಧಿಯ ಮೈಕಟ್ಟು, ಮತದಾರನ ಅಂಗಸಾಧನೆ

ಜಾತ್ರೆಯ ದನದ ಪರಿಷೆಯಲ್ಲಿ ಎತ್ತು ಕೊಳ್ಳಬಂದ ರೈತನು ಮೊದಲು ಬೆಲೆಯನ್ನು ಕೇಳುವುದಿಲ್ಲ. ಬಾಯಿ ತೆರೆಸಿ ಹಲ್ಲನ್ನು ನೋಡುತ್ತಾನೆ, ಗೊರಸನ್ನು ನೋಡುತ್ತಾನೆ, ಮೈಮೇಲಿನ ಸುಳಿಗಳನ್ನು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆ ತರುವಾಯವೇ ವಲ್ಲಿಯ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅದೇ ರೈತನು ಐದು ವರ್ಷಕ್ಕೊಮ್ಮೆ ತನ್ನ ತಾಲ್ಲೂಕಿನ ನೊಗವನ್ನು ಒಬ್ಬ ಮನುಷ್ಯನ ಹೆಗಲಿಗೆ ಏರಿಸುವಾಗ ಮಾತ್ರ ಆ ಹೆಗಲು ಎಂತಹುದೆಂದು ನೋಡುವುದಿಲ್ಲ. ಜಾತಿಯನ್ನು ನೋಡುತ್ತಾನೆ, ಪಕ್ಷವನ್ನು ನೋಡುತ್ತಾನೆ, ಹಿಂದೆ ಬರುವ ಮೋಟಾರುಗಳನ್ನು ಎಣಿಸುತ್ತಾನೆ. ಹೊರೆ ಹೊರುವ ದೇಹದ ವಿಚಾರ ಯಾರ ಬಾಯಲ್ಲಿಯೂ ಬರುವುದಿಲ್ಲ.

ಕಾಯಿದೆಯೂ ಅದನ್ನು ಕೇಳುವುದಿಲ್ಲ. ವಿಧಾನಸಭೆಗೆ ನಿಲ್ಲುವವರು ಭಾರತದ ಪೌರರಾಗಿರಬೇಕು; 25 ವರ್ಷ ತುಂಬಿರಬೇಕು; ಬುದ್ಧಿಸ್ವಾಸ್ಥ್ಯವಿಲ್ಲವೆಂದು ನ್ಯಾಯಾಲಯವು ಸಾರಿರಬಾರದು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನ ಫಲವಾಗಿ ಅಭ್ಯರ್ಥಿಯು ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಅಪರಾಧದ ಮೊಕದ್ದಮೆ ಇವೆಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕಾಗಿದೆ. ಆರೋಗ್ಯಕ್ಕೆ ಅಲ್ಲಿ ಒಂದು ಸಾಲೂ ಮೀಸಲಿಲ್ಲ. ಇರತಕ್ಕದ್ದೆ, ಬೇಡವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ಸೀಮೆಯನ್ನು ಬಲ್ಲವರಿಗೆ ಈ ಪ್ರಶ್ನೆ ಹಗುರವೆಂದು ತೋರದು. ಹಳ್ಳಿಯಿಂದ ಹಳ್ಳಿಗೆ ದೂರ, ನೆರಳು ವಿರಳ, ಬೇಸಿಗೆ ದೀರ್ಘ. ಚುನಾವಣೆಗಳಾದರೋ ಸರಿಯಾಗಿ ಆ ಬೇಸಿಗೆಯಲ್ಲಿಯೇ ಬರುತ್ತವೆ: 2018ರಲ್ಲಿ ಮೇ 12, 2023ರಲ್ಲಿ ಮೇ 10, 2024ರ ಲೋಕಸಭೆಗೆ ಮೇ 7. ಗೆದ್ದ ಮೇಲೆ ತಿರುಗಾಟ ಮುಗಿಯಿತೆ? ಹರಪನಹಳ್ಳಿಯೊಂದನ್ನೇ ನೋಡಿ. 1997ರಲ್ಲಿ ಅದು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು. ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಉಳಿದ ನೆರೆಯ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿ ಹೊಸಪೇಟೆಯತ್ತ ಮುಖ ಮಾಡಿತು. ಲೋಕಸಭೆಯ ಮತ ಮಾತ್ರ ಈಗಲೂ ದಾವಣಗೆರೆ ಕ್ಷೇತ್ರಕ್ಕೇ ಸಲ್ಲುತ್ತದೆ. ಇಂತಹ ತಾಲ್ಲೂಕಿನ ಪ್ರತಿನಿಧಿಯು ಜನರ ಕಾಗದಪತ್ರಗಳ ಹಿಂದೆ ಓಡಾಡಲೇಬೇಕು; ಓಡಾಡಲು ಕಾಲು ಬೇಕು, ಕುಳಿತು ಕೇಳಲು ಬೆನ್ನು ಬೇಕು, ನಡುರಾತ್ರಿಯಲ್ಲಿ ಕರೆ ಬಂದಾಗ ಕೋಪಿಸಿಕೊಳ್ಳದಿರಲು ನಿದ್ರೆ ಬೇಕು.

2018ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಅಲ್ಲಿಯ ಶಾಸಕರೂ ಅಭ್ಯರ್ಥಿಗಳೂ ಆಗಿದ್ದ ಬಿ. ಎನ್. ವಿಜಯಕುಮಾರ್ ಅವರು ಮತಯಾಚನೆಯ ನಡುವೆಯೇ ಕುಸಿದು, ಹೃದಯಾಘಾತದಿಂದ ಮೇ 4ರಂದು ತೀರಿಕೊಂಡರು. ಸರಳಜೀವಿಯೆಂದು ಹೆಸರಾದವರು, ವಯಸ್ಸು ಅರವತ್ತರೊಳಗೆ. ನಾಡೆಲ್ಲ ಮೇ 12ರಂದು ಮತ ನೀಡಿದರೆ ಜಯನಗರವು ಜೂನ್ 11ರವರೆಗೆ ಕಾಯಬೇಕಾಯಿತು. ಎಣಿಕೆ ನಡೆದುದು ಜೂನ್ 13ರಂದು. ಅದೇ ದಿನ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ತಮ್ಮ ಮುಂಜಾನೆಯ ವ್ಯಾಯಾಮದ ಚಲಚ್ಚಿತ್ರವನ್ನು ಪ್ರಕಟಿಸಿ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಚ್. ಡಿ. ಕುಮಾರಸ್ವಾಮಿಯವರಿಗೆ ಅಂತಹುದೇ ಪಂಥವನ್ನೊಡ್ಡಿದರು. ಯೋಗವೂ ನಡಿಗೆಯ ಯಂತ್ರವೂ ತಮ್ಮ ದಿನಚರಿಯಲ್ಲಿ ಇದ್ದೇ ಇವೆಯೆಂದೂ, ತಮಗೆ ಹೆಚ್ಚಿನ ಚಿಂತೆಯಿರುವುದು ರಾಜ್ಯದ ಅಭಿವೃದ್ಧಿಯ ದೃಢತೆಯ ವಿಷಯದಲ್ಲೆಂದೂ ಕುಮಾರಸ್ವಾಮಿಯವರು ಉತ್ತರವಿತ್ತರು. ಜನ ಒಂದೆರಡು ದಿನ ನಕ್ಕರು, ಪಕ್ಷ ವಹಿಸಿ ವಾದಿಸಿದರು, ಮರೆತರು. ಒಂದೇ ದಿನದ ವರ್ತಮಾನಪತ್ರಿಕೆಗೆ ಬಂದ ಈ ಎರಡು ಸುದ್ದಿಗಳನ್ನು ಜೋಡಿಸಿ ಓದಿದವರು ಕಡಿಮೆ. ದೇಹವನ್ನು ಕಾಯ್ದುಕೊಳ್ಳುವುದು ರಾಜಕಾರಣಿಗೆ ಪ್ರದರ್ಶನದ ವಸ್ತುವೂ ಅಲ್ಲ, ಚಮತ್ಕಾರದ ಮಾತಿನಿಂದ ದಾಟಿಬಿಡುವ ವಿಷಯವೂ ಅಲ್ಲ.

ಪ್ರತಿನಿಧಿಯೊಬ್ಬನು ಅಳಿದರೆ ಕ್ಷೇತ್ರದ ಬಾಯಿ ಕೆಲವು ತಿಂಗಳು ಕಟ್ಟಿಹೋಗುತ್ತದೆ. 2020ರ ನವೆಂಬರಿನಿಂದ 2021ರ ಅಕ್ಟೋಬರಿನೊಳಗೆ ಶಿರಾ, ಬಸವಕಲ್ಯಾಣ, ಸಿಂದಗಿ, ಹಾನಗಲ್ಲು ವಿಧಾನಸಭಾ ಕ್ಷೇತ್ರಗಳಿಗೂ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಉಪಚುನಾವಣೆ ನಡೆದುದು ಈ ಕಾರಣದಿಂದಲೇ. ಆದರೆ ಇದರಿಂದ ಅವಸರದ ತೀರ್ಮಾನಕ್ಕೆ ಬರಲಾಗದು. ಮಹಾಮಾರಿಯೂ ಮುಪ್ಪೂ ವ್ಯಾಯಾಮ ಮಾಡಿದವರನ್ನು ಬಿಟ್ಟು ಉಳಿದವರನ್ನೇ ಹುಡುಕಿಕೊಂಡು ಬರುವುದಿಲ್ಲ. ಮೃತ್ಯುವಿನಲ್ಲಿ ಮೃತನ ತಪ್ಪನ್ನು ಅರಸುವುದು ಅವಿವೇಕ, ಅಸಭ್ಯತೆ ಕೂಡ.

ವೈದ್ಯರ ಪ್ರಮಾಣಪತ್ರವನ್ನು ಕಡ್ಡಾಯ ಮಾಡೋಣವೆಂದು ಹೇಳುವವರು ಉಂಟು. ಹಾಗೆ ಮಾಡಿದ್ದರೆ ಅಮೆರಿಕವು ಫ್ರಾಂಕ್ಲಿನ್ ರೂಸ್ವೆಲ್ಟರನ್ನು ಕಳೆದುಕೊಳ್ಳುತ್ತಿತ್ತು. ಕಾಲುಗಳ ಶಕ್ತಿಯುಡುಗಿದ ಆ ಮನುಷ್ಯನು 1933ರಿಂದ 1945ರವರೆಗೆ, ಕ್ಷಾಮವನ್ನೂ ಮಹಾಯುದ್ಧವನ್ನೂ ಎದುರಿಸುತ್ತ, ರಾಷ್ಟ್ರಾಧ್ಯಕ್ಷನಾಗಿದ್ದನು. ನಮ್ಮಲ್ಲಿಯೇ ಪೋಲಿಯೋದಿಂದ ಕಾಲು ಸೊರಗಿದ್ದ ಎಸ್. ಜೈಪಾಲ ರೆಡ್ಡಿಯವರು ಊರುಗೋಲಿನ ಆಸರೆಯಲ್ಲಿ ನಡೆದು, ಕೇಂದ್ರದ ಮಂತ್ರಿಗಳಾಗಿ, ಸಂಸತ್ತಿನ ಉತ್ತಮ ವಾಗ್ಮಿಗಳೆನಿಸಿದರು. ಆದಕಾರಣ ದೇಹದಾರ್ಢ್ಯವೆಂದರೆ ಅಂಗಗಳ ಅವೈಕಲ್ಯವಲ್ಲ. ಎದೆಯ ಅಗಲವೂ ಅಲ್ಲ. ದೈವವು ಕೊಟ್ಟ ದೇಹ ಎಂತಹುದೇ ಆಗಿರಲಿ, ಅದನ್ನು ಒಪ್ಪಿಕೊಂಡ ಕೆಲಸಕ್ಕೆ ಒದಗುವಂತೆ ಇಟ್ಟುಕೊಳ್ಳುವ ನಿಯಮವೇ ದಾರ್ಢ್ಯ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಅಲ್ಲಿ ಹೂವಿಡುವ ಅಭ್ಯರ್ಥಿಗಳು ಆ ಭಸ್ಮವು ಎಂತಹ ದೇಹದ್ದೆಂಬುದನ್ನು ಒಂದು ಗಳಿಗೆ ನೆನೆಯಬೇಕು. ಬಡಕಲು ಮೈಯ ಆ ಪುರುಷನು 1930ರಲ್ಲಿ, ತನ್ನ 60ನೆಯ ವಯಸ್ಸಿನಲ್ಲಿ, ಸಾಬರಮತಿಯಿಂದ ದಂಡಿಯವರೆಗೆ ಸುಮಾರು 240 ಮೈಲಿಗಳನ್ನು 24 ದಿನಗಳಲ್ಲಿ ನಡೆದನು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾರ್ಣಿಕವನ್ನು ಕಾಣದವರಾರು? ಉಪವಾಸವ್ರತದಿಂದ ಮೈ ಇಳಿದ ಗೊರವಯ್ಯನು ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಏರಿ, ಜನಸಾಗರವನ್ನು ಮೌನಗೊಳಿಸಿ, ಒಂದೇ ಮಾತನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಮಾತು ಮಳೆಬೆಳೆಗೆ ಸಂಬಂಧಿಸಿದುದೋ ತಮ್ಮ ಪಕ್ಷಕ್ಕೆ ಸಂಬಂಧಿಸಿದುದೋ ಎಂದು ರಾಜಕಾರಣಿಗಳು ವರ್ಷವೆಲ್ಲ ಅರ್ಥ ಹಚ್ಚುತ್ತಾರೆ. ಆ ಮಾತನ್ನಾಡಲು ಗೊರವಯ್ಯನು ಮೊದಲು ತನ್ನ ಮೈಯನ್ನು ಹದಗೊಳಿಸಿಕೊಂಡನೆಂಬುದನ್ನು ಗಮನಿಸುವವರಿಲ್ಲ.

ಪ್ರಾಚೀನರು ಈ ವಿಷಯವನ್ನು ಉಪೇಕ್ಷಿಸಿದವರಲ್ಲ. ಕೌಟಿಲ್ಯನು ಅರಸನ ಹಗಲನ್ನು ಎಂಟಾಗಿಯೂ ಇರುಳನ್ನು ಎಂಟಾಗಿಯೂ ಭಾಗಿಸಿ, ಅದರಲ್ಲಿ ಪುರಜನ ಜಾನಪದರ ಅಹವಾಲಿಗೆ ಒಂದು ಭಾಗವನ್ನು ಕಟ್ಟಿಟ್ಟನು. ಕಾರ್ಯಾರ್ಥಿಗಳನ್ನು ಬಾಗಿಲಲ್ಲಿ ಕಾಯಿಸಕೂಡದೆಂದನು. ಆಲಸ್ಯವಿಲ್ಲದ ಉದ್ಯೋಗವೇ ಅರಸನ ವ್ರತವೆಂದು ತಿಳಿದನು. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಬೇಟೆಯಿಂದ ಹೊಟ್ಟೆ ಕರಗಿ ಮೈ ಹಗುರಾಗುತ್ತದೆಂದು ಸೇನಾಪತಿಯು ಹೊಗಳಿದರೆ, ಕೀಲುಕೀಲೂ ನೊಂದ ವಿದೂಷಕನು ಅದನ್ನು ಶಪಿಸುತ್ತಾನೆ. ನಮ್ಮ ಮನೆಗಳಲ್ಲಿ ಈ ಇಬ್ಬರೂ ಇದ್ದಾರೆ; ವಿದೂಷಕನ ಸಂತತಿ ಮಾತ್ರ ಹೆಚ್ಚು. ಬಾಗಳಿ, ಹಿರೇಹಡಗಲಿ, ಕುರುವತ್ತಿಗಳ ದೇಗುಲಗಳಲ್ಲಿ ಕಲ್ಯಾಣದ ಚಾಲುಕ್ಯರ ಶಿಲ್ಪವನ್ನು ಕಂಡು ಹಿಗ್ಗುವ ನಾವು, ಆ ವಂಶದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಅಭ್ಯಾಸ, ತರಗತಿಗಳನ್ನು ವಿವರಿಸಿದ್ದಾನೆಂಬುದನ್ನು ನೆನೆಯುವುದಿಲ್ಲ.

ಅರಸರ ಮಾತು ಹಳೆಯದಾಯಿತೆನ್ನುವವರಿಗೆ ಔಂಧ ಸಂಸ್ಥಾನದ ನಿದರ್ಶನ ಸಾಕು. ವಿಜಯಪುರದ ಸೀಮೆಯ ಗುಣದಾಳವೂ ಸೇರಿದ್ದ ಆ ಚಿಕ್ಕ ಸಂಸ್ಥಾನವನ್ನಾಳಿದ ಭವಾನರಾಯರ ಬಿರುದೇ ಪಂತ ಪ್ರತಿನಿಧಿ. ಅವರು ನಿತ್ಯವೂ ಸೂರ್ಯನಮಸ್ಕಾರ ಮಾಡಿದರು. ತಮ್ಮ ಶಾಲೆಗಳಲ್ಲಿ ಮಕ್ಕಳಿಂದ ಮಾಡಿಸಿದರು. ಅದರ ಕ್ರಮವನ್ನು ಪುಸ್ತಕಗಳ ಮೂಲಕ ಹೊರನಾಡುಗಳಿಗೂ ತಿಳಿಸಿದರು. ಅದೇ ದೊರೆಯು 1939ರಲ್ಲಿ, ಗಾಂಧೀಜಿಯವರ ಸಲಹೆಯಂತೆ ರಚಿತವಾದ ಸಂವಿಧಾನದ ಮೂಲಕ, ತನ್ನ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಮೈಯನ್ನು ಆಳಲು ಕಲಿತವರಿಗೆ ಅಧಿಕಾರದ ಆಸೆಯನ್ನೂ ಆಳುವುದು ಸುಲಭವಾಯಿತೆಂದು ಹೇಳಿದರೆ ಅತಿಶಯವಾಗಲಾರದು.

ಇಷ್ಟು ಹೇಳಿದ ಮೇಲೆ ಬೆರಳನ್ನು ಮನೆಯ ಕಡೆಗೂ ತಿರುಗಿಸಬೇಕು. ಅಭ್ಯರ್ಥಿಯ ಹೊಟ್ಟೆಯನ್ನು ಕಂಡು ನಗುವ ಗೃಹಸ್ಥನು ಕಿರಾಣಿ ಅಂಗಡಿಗೆ ಹೋಗಲು ಮೋಟಾರು ಸೈಕಲನ್ನು ಹೂಡುತ್ತಾನೆ. ಒರಳು, ಒನಕೆ, ಬೀಸುಕಲ್ಲು, ಸೇದುವ ಬಾವಿ ಇವು ವಿದ್ಯಾವಂತರ ಮನೆಗಳಿಂದ ಮರೆಯಾದವು. ಹೆಂಗಸರ ಕಷ್ಟ ತಗ್ಗಿದುದು ಸಂತೋಷವೇ. ಆದರೆ ಆ ಕೆಲಸದೊಡನೆ ತೋಳಿನ ಕಸುವೂ ಹೋಯಿತು. ಚಿತ್ರದುರ್ಗದ ಕೋಟೆಯನ್ನು ಒನಕೆಯಿಂದ ಕಾಯ್ದ ಓಬವ್ವನಿಗೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯೇ ತವರೆಂದು ಆ ಸೀಮೆಯವರು ಹೇಳಿಕೊಳ್ಳುತ್ತಾರೆ. ಆಕೆಗೆ ಅಂಗಸಾಧನೆಯ ಶಾಲೆ ಅಡಿಗೆಮನೆಯೇ ಆಗಿತ್ತು. ದೇಶದಲ್ಲಿ 10 ಕೋಟಿಗೂ ಮಿಕ್ಕ ಜನಕ್ಕೆ ಸಕ್ಕರೆ ಕಾಯಿಲೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದ ಅಧ್ಯಯನವು 2023ರಲ್ಲಿ ಹೊರಗೆಡಹಿದ ಲೆಕ್ಕ ನಮ್ಮೆಲ್ಲರ ಮನೆಬಾಗಿಲಿನದು.

ಗರಡಿಮನೆ ದೂರವಾಯಿತು, ವ್ಯಾಯಾಮಶಾಲೆಗೆ ಹಣವಿಲ್ಲ ಎಂಬ ನೆಪಕ್ಕೆ ಉತ್ತರ ಹಿಂದೆಯೇ ಬಂದಿದೆ. 'ಶಾಂತಲಾ' ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದುದಲ್ಲದೆ, ಅಂಚೆಯ ಮೂಲಕ ಪಾಠಗಳನ್ನು ಕಳುಹಿಸಿ ದೂರದ ಊರಿನವರಿಗೆ ಮನೆಯಲ್ಲಿಯೇ ಅಂಗಸಾಧನೆಯನ್ನು ಕಲಿಸಿದರು. ಮೈಸೂರು ಅರಮನೆಯ ಯೋಗಶಾಲೆಯ ಕೃಷ್ಣಮಾಚಾರ್ಯರ 'ಯೋಗಮಕರಂದ'ವು 1934ರಲ್ಲಿ ಕನ್ನಡದಲ್ಲಿಯೇ ಹೊರಬಂದಿತು. ಒಂದು ಚಾಪೆ ಹಾಸುವಷ್ಟು ಸ್ಥಳ, ಒಂದು ಗೋಡೆ, ಒಂದು ಕುರ್ಚಿ ಇದ್ದರೆ ಸಾಕು.

ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಎಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆ. ಅದಕ್ಕೆ ಜೊತೆಯಾಗಿ, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು. ಅದು ಸುಲಭವಾದ ಮೇಲೆ ಬಸ್ಕಿ. ಗೋಡೆಗೆ ಅಂಗೈಯೂರಿ ಮೈಯನ್ನು ಬಾಗಿಸಿ ಹಿಂದಕ್ಕೆ ತಳ್ಳುವುದು. ಅದು ಒಗ್ಗಿದ ಮೇಲೆ ನೆಲದ ದಂಡೆ. ಸೂರ್ಯನಮಸ್ಕಾರವನ್ನು ಮೂರರಿಂದ ಆರಂಭಿಸಿ ವಾರಕ್ಕೊಂದರಂತೆ ಏರಿಸಬಹುದು. ವೃದ್ಧರು ಬಾಗಿಲ ಚೌಕಟ್ಟನ್ನು ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದನ್ನು ರೂಢಿಸಿಕೊಂಡರೆ ಬೀಳುವ ಭಯ ತಗ್ಗುತ್ತದೆ. ಎಷ್ಟೆಂಬುದಕ್ಕೆ ಆಯುರ್ವೇದದ ಅಳತೆ ಇಂದಿಗೂ ಸಲ್ಲುವಂತಹುದು: ಬಲವಂತನೂ ತನ್ನ ಶಕ್ತಿಯ ಅರ್ಧದಷ್ಟನ್ನೇ, ಅದೂ ಚಳಿಗಾಲ ವಸಂತಗಳಲ್ಲಿ, ವೆಚ್ಚ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ. ಹಣೆಯಲ್ಲಿ ಬೆವರು ಮೂಡಿ, ಉಸಿರು ಬಾಯಿಗೆ ಬಂದರೆ ಅರ್ಧ ಬಲ ಮುಗಿಯಿತೆಂದು ತಿಳಿಯತಕ್ಕದ್ದು. ಈ ಸೀಮೆಯ ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಎಲ್ಲವೂ ಮುಗಿಯಬೇಕು. ಎದೆನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡವಿರುವವರು ವೈದ್ಯರನ್ನು ಕೇಳಿಯೇ ತೊಡಗುವುದು ಕ್ಷೇಮ.

ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೆ ದಾವಣಗೆರೆಯಿಂದಲೂ ಭಕ್ತರು ಕಾಲ್ನಡೆಯಲ್ಲಿ ಬರುತ್ತಾರೆ. ಉಚ್ಚಂಗಿದುರ್ಗದ ಗುಡ್ಡವನ್ನು ಮುದುಕಿಯರೂ ಏರುತ್ತಾರೆ. ದೇವರಿಗಾಗಿ ನಡೆಯಬಲ್ಲ ಜನ ತಮಗಾಗಿಯೂ ನಡೆಯಬಲ್ಲರು. ಹಾಗೆ ದಿನವೂ ನಡೆಯುವ ಮತದಾರನಿಗೆ ಅಭ್ಯರ್ಥಿಯನ್ನು ಪರೀಕ್ಷಿಸಲು ವೈದ್ಯರ ಕಾಗದ ಬೇಕಾಗಿಲ್ಲ. "ಮೋಟಾರನ್ನು ಅಗಸೆಯಲ್ಲಿ ಬಿಟ್ಟು ಕೇರಿಕೇರಿಗೆ ಬನ್ನಿ, ಕಟ್ಟೆಯ ಮೇಲೆ ಕುಳಿತು ಕಡೆಯ ಮುದುಕಿಯ ಮಾತು ಮುಗಿಯುವವರೆಗೆ ಕೇಳಿ" ಎಂದು ಆತನು ಕೇಳಬಹುದು. ನಡೆಯಲಾಗದವರಿಗೆ ಊರೇ ಎದುರು ಹೋಗಲಿ. ಕೇಳುವ ತಾಳ್ಮೆಯಲ್ಲಿ ಮಾತ್ರ ಯಾರಿಗೂ ವಿನಾಯಿತಿ ಬೇಡ. ಆದರೆ ಹಾಗೆ ಕೇಳುವ ಅಧಿಕಾರ, ಮತಗಟ್ಟೆಯ ನಾಲ್ಕು ಮೆಟ್ಟಿಲುಗಳನ್ನು ಏದುಸಿರಿಲ್ಲದೆ ಏರಲು ತಾನೂ ಪ್ರಯತ್ನಪಟ್ಟವನಿಗೆ ಹೆಚ್ಚು ಶೋಭಿಸುತ್ತದೆ.